ದ್ವಿಚಕ್ರ ಸವಾರನೂ ರಸ್ತೆಯ ಕಾನೂನೂ

ನಡೆದು ಹೋಗುವವನಿಗೆ ದಾರಿಯೊಂದಿದ್ದರೆ ಸಾಕು. ವಾಹನವೇರಿ ಹೋಗುವವನಿಗೆ ದಾರಿಯ ಜೊತೆಗೆ ಕಟ್ಟಳೆಯೂ ಬೇಕು. ಎತ್ತಿನ ಗಾಡಿಗಳ ಕಾಲದಲ್ಲಿ ಎದುರು ಬಂದ ಗಾಡಿಗೆ ಪಕ್ಕಕ್ಕೆ ಸರಿದು ಎಡೆಗೊಡುವುದೇ ರಸ್ತೆಯ ಕಾನೂನಾಗಿದ್ದಿತು. ಯಂತ್ರದ ವಾಹನಗಳು ಬಂದ ಮೇಲೆ ಈ ಬಾಯಿಮಾತಿನ ಕಟ್ಟಳೆ ಸಾಲದಾಯಿತು. ಬ್ರಿಟಿಷ್ ಇಂಡಿಯಾದಲ್ಲಿ 1914ರಲ್ಲಿ ಮೋಟಾರು ವಾಹನ ಕಾಯಿದೆಯೊಂದು ಬಂದಿತು. 1939ರಲ್ಲಿ ಅದರ ಸ್ಥಾನವನ್ನು ಹೊಸ ಕಾಯಿದೆ ಪಡೆಯಿತು. ಈಗ ನಡೆಯುತ್ತಿರುವುದು 1988ರ ಕಾಯಿದೆ. ಅದು 1989ರ ಜುಲೈ 1ರಿಂದ ಜಾರಿಗೆ ಬಂದು, 2019ರಲ್ಲಿ ಬಹುಮಟ್ಟಿಗೆ ತಿದ್ದುಪಡಿ ಹೊಂದಿತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಲ್ಲಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸತೊಡಗಿದಾಗ, ಹಳ್ಳಿಗೊಂದು ಜಾವಾ ಇದ್ದರೆ ಅದೇ ದೊಡ್ಡ ಮಾತಾಗಿದ್ದಿತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ದ್ವಿಚಕ್ರ ವಾಹನವು ಅಷ್ಟರೊಳಗೆ ಶ್ರೀಮಂತರ ಅಂಗಳವನ್ನು ದಾಟಿ ಬಡವರ ಜಗಲಿಗೂ ಬಂದಿದ್ದಿತು. ಇಂದು ಡೇರಿಗೆ ಹಾಲಿನ ಕ್ಯಾನು ಒಯ್ಯುವುದು ಅದೇ. ಸಂತೆಗೆ ಸೊಪ್ಪಿನ ಕಟ್ಟು ಸಾಗಿಸುವುದು ಅದೇ. ಬಸ್ಸಿಲ್ಲದ ಊರಿನಿಂದ ನಮ್ಮಂತಹ ವಿದ್ಯಾರ್ಥಿಗಳನ್ನು ಕಾಲೇಜಿಗೆ ತಂದು ಮುಟ್ಟಿಸುವುದೂ ಅದೇ.

ವಾಹನವು ಮನೆಗೆ ಬಂದಷ್ಟು ಬೇಗ ಅದರ ಕಾನೂನಿನ ತಿಳಿವಳಿಕೆ ಮನೆಗೆ ಬರಲಿಲ್ಲ. ಕ್ರಾಸಿನಲ್ಲಿ ಚೆಕಿಂಗ್ ಇದೆಯೆಂಬ ಸುದ್ದಿ ಹಬ್ಬಿದೊಡನೆ ನಮ್ಮ ಕಡೆಯ ಸವಾರರು ಟಾರು ರಸ್ತೆಯನ್ನು ಬಿಟ್ಟು ಕೆರೆಯ ಏರಿಯ ದಾರಿ ಹಿಡಿಯುತ್ತಾರೆ. ಕಾಗದಪತ್ರಗಳೆಲ್ಲ ಸರಿಯಾಗಿರುವವರೂ ಹೀಗೆ ಮಾಡುವುದುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ, ದಂಡದ ನೋಟೀಸು ಬಂದಾಗ ನೆರೆಯ ಹಿರಿಯರು ಅದನ್ನು ನನ್ನ ಕೈಗಿತ್ತು, “ಇದ್ರಲ್ಲಿ ಏನ್ ಬರ್ದವ್ರೆ ನೋಡು ಮಗಾ” ಎನ್ನುತ್ತಾರೆ. ಓದಿ ಹೇಳಿದ ಮೇಲೆ ಅವರ ಮುಖದ ಅಂಜಿಕೆ ಅರ್ಧ ಇಳಿಯುತ್ತದೆ. ಏನು ಬರೆದಿದೆಯೆಂದು ತಿಳಿಯದಿರುವುದೇ ಆ ಅಂಜಿಕೆಯ ಮೂಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದುದರಿಂದ ಸವಾರನು ಪರೀಕ್ಷೆಯ ಅಂಗಳದಲ್ಲಿ, ತಪಾಸಣೆಯ ಜಾಗದಲ್ಲಿ ಮತ್ತು ದಂಡ ಕಟ್ಟುವಲ್ಲಿ ಏನನ್ನು ತಿಳಿದಿರಬೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪರವಾನಗಿಯ ವಿಚಾರ. ಗೇರುಳ್ಳ ವಾಹನಕ್ಕೆ ಹದಿನೆಂಟು ವರ್ಷ ತುಂಬಿರಬೇಕು. 50 ಸಿ.ಸಿ.ಯನ್ನು ಮೀರದ, ಗೇರಿಲ್ಲದ ವಾಹನವನ್ನು ಹದಿನಾರು ತುಂಬಿದವರು ಪೋಷಕರ ಒಪ್ಪಿಗೆಯಿಂದ ನಡೆಸಬಹುದು. ಆದರೆ 100 ಅಥವಾ 110 ಸಿ.ಸಿ.ಯ ಸ್ಕೂಟರುಗಳಿಗೆ ಈ ರಿಯಾಯಿತಿ ಸಲ್ಲದು. ಗೇರಿಲ್ಲದ ವಾಹನಕ್ಕೂ ಗೇರುಳ್ಳದ್ದಕ್ಕೂ ಪರವಾನಗಿಯಲ್ಲಿ ಬೇರೆ ಬೇರೆ ವರ್ಗಗಳಿವೆ. ಸ್ಕೂಟರಿನ ಪರವಾನಗಿ ಪಡೆದವನು ಅಣ್ಣನ ಗೇರ್ ಬೈಕನ್ನು ಹತ್ತಿ ಹೊರಟರೆ, ಕಾನೂನಿನ ದೃಷ್ಟಿಯಲ್ಲಿ ಅವನು ಪರವಾನಗಿ ಇಲ್ಲದವನೇ.

ಮೊದಲು ದೊರೆಯುವುದು ಕಲಿಕಾ ಪರವಾನಗಿ. ಜನರ ಮಾತಿನಲ್ಲಿ ಎಲ್.ಎಲ್. ಇದಕ್ಕೆ ರಸ್ತೆಯ ಚಿಹ್ನೆಗಳು, ಸಂಚಾರದ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ ಮೊದಲಾದವುಗಳ ಬಗ್ಗೆ ಪ್ರಶ್ನೆಗಳಿರುತ್ತವೆ. ಚಿಹ್ನೆಗಳ ಆಕಾರವನ್ನು ಗಮನಿಸಿದರೆ ಅರ್ಧ ಪಾಠ ತಾನಾಗಿಯೇ ಬರುತ್ತದೆ: ದುಂಡಗಿನವು ಆಜ್ಞೆಗಳು, ತ್ರಿಕೋನದವು ಎಚ್ಚರಿಕೆಗಳು, ಚೌಕಟ್ಟಿನವು ಮಾಹಿತಿಗಳು. “ನಿಲ್ಲು” ಎಂಬುದಕ್ಕೆ ಎಂಟು ಮೂಲೆ. “ದಾರಿ ಬಿಡು” ಎಂಬುದಕ್ಕೆ ತಲೆಕೆಳಗಾದ ತ್ರಿಕೋನ. ಧೂಳು ಮುಚ್ಚಿ ಅಕ್ಷರ ಕಾಣದಿದ್ದರೂ ಆಕಾರದಿಂದಲೇ ಇವನ್ನು ಗುರುತಿಸಬಹುದು.

ಕಲಿಕಾ ಪರವಾನಗಿಗೆ ಆರು ತಿಂಗಳ ಅವಧಿ. ಪಡೆದು ಮೂವತ್ತು ದಿನ ಕಳೆಯದೆ ಮುಂದಿನ ಪರೀಕ್ಷೆಗೆ ಹೋಗುವಂತಿಲ್ಲ. ಕಲಿಯುವ ಕಾಲದಲ್ಲಿ ವಾಹನದ ಹಿಂದೆಯೂ ಮುಂದೆಯೂ ಬಿಳಿಯ ಹಲಗೆಯ ಮೇಲೆ ಕೆಂಪು “ಎಲ್” ಅಕ್ಷರವಿರಬೇಕು; ಹಲಗೆ 18 ಸೆಂಟಿಮೀಟರ್ ಚೌಕಕ್ಕೂ, ಅಕ್ಷರ 10 ಸೆಂಟಿಮೀಟರ್ ಎತ್ತರಕ್ಕೂ ಕಡಿಮೆಯಿರಕೂಡದು. ಕಲಿಸುವವರನ್ನು ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳಬಾರದು. ಗೆಳೆಯನನ್ನು ಕೂರಿಸಿಕೊಂಡು ಜಾತ್ರೆಗೆ ಹೋಗುವ ಕಲಿಕೆಯನ್ನು ನಿಯಮವು ಕಲಿಕೆಯೆಂದು ಒಪ್ಪುವುದಿಲ್ಲ.

ಇನ್ನು ವಾಹನ ನಡೆಸಿ ತೋರಿಸುವ ಪರೀಕ್ಷೆ. ಆರ್.ಟಿ.ಓ. ಅಂಗಳದಲ್ಲಿ “ಎಂಟು ಹಾಕುವುದು” ಎಂದರೆ ಎಲ್ಲರಿಗೂ ಗೊತ್ತು. ಎಂಟರ ಆಕಾರದ ಪಥದಲ್ಲಿ ಕಾಲನ್ನು ನೆಲಕ್ಕೆ ಊರದೆ ಸುತ್ತಿ ಬರಬೇಕು. ಇದೇನು ಸರ್ಕಸ್ಸೇ ಎಂದು ಗೊಣಗುವವರುಂಟು. ಆದರೆ ನೇರವಾದ ರಸ್ತೆಯಲ್ಲಿ ವೇಗವಾಗಿ ಹೋಗುವುದು ಸುಲಭ. ಸವಾರನ ಹಿಡಿತ ತಿಳಿಯುವುದು ನಿಧಾನದಲ್ಲಿ. ಎಂಟರಲ್ಲಿ ಎಡ ತಿರುವೂ ಬಲ ತಿರುವೂ ಕೂಡಿವೆ. ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ, ಮುಂದಿನ ಚಕ್ರವನ್ನು ನೋಡದೆ ತಾನು ಹೋಗಬೇಕಾದ ಕಡೆಗೆ ದೃಷ್ಟಿಯಿಟ್ಟರೆ ಆಯ ತಪ್ಪುವುದಿಲ್ಲ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿದರೆ ವಾಹನ ಪಕ್ಕಕ್ಕೆ ಮಗುಚುತ್ತದೆ. ದನಕರು, ಮಕ್ಕಳು, ಹೊಂಡಗಳಿಂದ ಕೂಡಿದ ನಮ್ಮ ಊರಬೀದಿಗಳಲ್ಲಿ ದಿನನಿತ್ಯವೂ ಬೇಕಾಗುವುದು ಈ ವಿದ್ಯೆಯೇ. ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಏಳು ದಿನ ಕಳೆದ ಮೇಲೆ ಮತ್ತೆ ಹಾಜರಾಗಬಹುದು; ಮೂರು ಬಾರಿ ತಪ್ಪಿದರೆ ಅರವತ್ತು ದಿನ ಕಾಯಬೇಕು.

ಖರ್ಚಿನ ವಿಷಯವನ್ನೂ ಇಲ್ಲಿ ಹೇಳಬೇಕು. ಕೇಂದ್ರ ನಿಯಮಗಳಿಗೆ 2016ರ ಕೊನೆಯಲ್ಲಿ ಮಾಡಿದ ತಿದ್ದುಪಡಿಯಂತೆ, ಒಂದು ವರ್ಗದ ವಾಹನಕ್ಕೆ ಕಲಿಕಾ ಪರವಾನಗಿಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಪರವಾನಗಿಗೆ 200. ಒಟ್ಟು 700 ರೂಪಾಯಿ. ಈ ಲೆಕ್ಕ ತಿಳಿಯದ ಹಳ್ಳಿಯ ತರುಣನು ಬ್ರೋಕರನ ಕೈಗೆ ಇದರ ಹಲವು ಪಟ್ಟು ಹಣವನ್ನು ಎಣಿಸಿಕೊಡುತ್ತಾನೆ. ಅರ್ಜಿಯನ್ನು ಸರ್ಕಾರದ ಜಾಲತಾಣದಲ್ಲಿ ತಾನೇ ತುಂಬಬಹುದು. ಹತ್ತು ಸಾಲಿನ ಅರ್ಜಿಯನ್ನು ತುಂಬಲು ಅಂಜುವ ಅಕ್ಕಪಕ್ಕದವರಿಗೆ ಓದುಬರಹ ಬಲ್ಲ ನಾವು ಅರ್ಧ ಗಂಟೆ ಕುಳಿತು ನೆರವಾದರೆ, ಒಂದು ಕುಟುಂಬದ ನಾಲ್ಕಾರು ದಿನದ ಕೂಲಿ ಉಳಿಯುತ್ತದೆ. ಮೂವತ್ತು ತುಂಬುವ ಮೊದಲು ಪಡೆದ ಪರವಾನಗಿಯು ನಲವತ್ತನೆಯ ವಯಸ್ಸಿನವರೆಗೆ ನಡೆಯುವುದರಿಂದ, ಈ ಶ್ರಮ ಪದೇಪದೇ ಪಡಬೇಕಾದುದೂ ಅಲ್ಲ.

ಪರವಾನಗಿಯೊಂದೇ ಸಾಲದು. ವಾಹನದ ನೋಂದಣಿ ಪತ್ರ, ವಿಮೆಯ ಪತ್ರ, ಮತ್ತು ನೋಂದಣಿಯಾಗಿ ಒಂದು ವರ್ಷ ಕಳೆದಿದ್ದರೆ ಹೊಗೆ ತಪಾಸಣೆಯ ಪತ್ರ ಇವೂ ಬೇಕು. ಇವುಗಳಲ್ಲಿ ವಿಮೆಯ ಮಹತ್ವವನ್ನು ನಮ್ಮ ಜನ ಅರಿತಿರುವುದು ಕಡಿಮೆ. ಕಾನೂನು ಕಡ್ಡಾಯ ಮಾಡಿರುವ ವಿಮೆ ನಮ್ಮ ಗಾಡಿಯ ತಗಡಿಗಾಗಿ ಇರುವುದಲ್ಲ. ನಮ್ಮಿಂದ ಪೆಟ್ಟು ತಿನ್ನುವ ಮೂರನೆಯವರಿಗಾಗಿ ಇರುವುದು. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಇಂತಹ ವಿಮೆಯನ್ನು ಐದು ವರ್ಷಕ್ಕೆ ಒಟ್ಟಿಗೇ ಮಾಡಿಸುವ ಕ್ರಮ ಬಂದಿತು. ಆ ಐದು ವರ್ಷ ತೀರಿದ ಮೇಲೆ ಎಷ್ಟೋ ಮಂದಿ ಅದನ್ನು ಮರೆತುಬಿಡುತ್ತಾರೆ.

ಮರೆತರೆ ಏನಾಗುತ್ತದೆ? ದಾರಿಯಲ್ಲಿ ಹೋಗುವವರೊಬ್ಬರಿಗೆ ವಾಹನ ತಗುಲಿ ಅವರು ಸತ್ತರೆಂದುಕೊಳ್ಳೋಣ. ತಪ್ಪು ಸವಾರನದಾಗಿದ್ದು ವಿಮೆಯೂ ಇಲ್ಲದಿದ್ದರೆ, ನ್ಯಾಯಮಂಡಳಿ ವಿಧಿಸುವ ಪರಿಹಾರದ ಹೊರೆ ಮಾಲೀಕನ ಮೇಲೆ ಬೀಳುತ್ತದೆ. ವಿಮೆಯಿದ್ದು ಸವಾರನಿಗೆ ಪರವಾನಗಿ ಇಲ್ಲದಿದ್ದರೆ, ವಿಮೆಯ ಕಂಪನಿ ನೊಂದವರಿಗೆ ಮೊದಲು ಹಣ ಕೊಟ್ಟು, ಅನಂತರ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಅನೇಕ ಪ್ರಕರಣಗಳಲ್ಲಿ ಆದೇಶಿಸಿವೆ. ಎರಡು ಎಕರೆ ಜಮೀನನ್ನು ನಂಬಿದ ಮನೆಯಲ್ಲಿ ಆ ಹಣ ಎಲ್ಲಿಂದ ಬರಬೇಕು? ಜಮೀನಿನಿಂದಲೇ ಬರಬೇಕು. ಒಂದು ಕಡೆ ಜೀವ ಕಳೆದುಕೊಂಡ ಮನೆ, ಇನ್ನೊಂದು ಕಡೆ ಹೊಲ ಕಳೆದುಕೊಂಡ ಮನೆ. ಪೊಲೀಸರಿಗೆ ತೋರಿಸುವ ಸಲುವಾಗಿ ಮಾತ್ರ ಈ ಕಾಗದಗಳೆಂದು ಭಾವಿಸುವವರು ಇದನ್ನು ಆಲೋಚಿಸಬೇಕು. ಹದಿನೆಂಟು ತುಂಬದ ಮಗನ ಕೈಗೆ ಬೈಕು ಕೊಡುವ ತಂದೆಗೂ 2019ರ ತಿದ್ದುಪಡಿಯಲ್ಲಿ ಪಾಠವಿದೆ: ಹುಡುಗನು ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ; ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿ ದೊರೆಯದು.

ಈಗ ತಪಾಸಣೆಯ ವಿಚಾರಕ್ಕೆ ಬರೋಣ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಪರವಾನಗಿಯನ್ನು ತೋರಿಸುವುದು ಸವಾರನ ಕರ್ತವ್ಯ. ಕಾಗದವನ್ನೇ ಹೊತ್ತು ತಿರುಗಬೇಕಾಗಿಲ್ಲ. 2018ರ ನಿಯಮದಂತೆ ಡಿಜಿಲಾಕರಿನಂತಹ ವ್ಯವಸ್ಥೆಯಲ್ಲಿರುವ ವಿದ್ಯುನ್ಮಾನ ಪ್ರತಿಯೂ ಸಲ್ಲುತ್ತದೆ. ಅಧಿಕಾರಿಯು ಪರವಾನಗಿಯನ್ನು ವಶಪಡಿಸಿಕೊಂಡರೆ ಅದಕ್ಕೆ ರಸೀದಿ ಕೊಡಬೇಕು. ಸ್ಥಳದಲ್ಲಿಯೇ ದಂಡ ತೆಗೆದುಕೊಂಡು ಪ್ರಕರಣ ಮುಗಿಸುವ ಅಧಿಕಾರವು, ಸರ್ಕಾರದ ಅಧಿಸೂಚನೆಯಲ್ಲಿ ಸೂಚಿಸಿದ ಅಧಿಕಾರಿಗಳಿಗೆ ಮಾತ್ರ ಉಂಟು. ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು. ತಪ್ಪನ್ನು ಒಪ್ಪದವನು ಅಲ್ಲಿಯೇ ಕೂಗಾಡಬೇಕಾಗಿಲ್ಲ, ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು. ವಾಹನದ ಕೀಲಿಕೈಯನ್ನು ಕಸಿದುಕೊಳ್ಳಲು ಕಾಯಿದೆಯಲ್ಲಿ ಎಲ್ಲಿಯೂ ಹೇಳಿಲ್ಲ.

ತಡೆಯುವ ರೀತಿಯೂ ಮುಖ್ಯವೆಂಬುದಕ್ಕೆ ಒಂದು ದುಃಖದ ನಿದರ್ಶನವಿದೆ. 2025ರ ಮೇ ತಿಂಗಳಲ್ಲಿ ಮಂಡ್ಯ ನಗರದಲ್ಲಿ ಹೆಲ್ಮೆಟ್ ತಪಾಸಣೆಗಾಗಿ ಪೊಲೀಸರು ಒಂದು ಬೈಕನ್ನು ತಡೆದಾಗ ಅದು ಆಯ ತಪ್ಪಿ ಬಿದ್ದು, ಹೆತ್ತವರೊಡನೆ ಆಸ್ಪತ್ರೆಗೆ ಹೊರಟಿದ್ದ ಪುಟ್ಟ ಮಗುವೊಂದು ಇನ್ನೊಂದು ವಾಹನಕ್ಕೆ ಸಿಕ್ಕಿ ಸತ್ತುಹೋಯಿತು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರುಗಳು ಅಮಾನತುಗೊಂಡರು. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು, ಕಣ್ಣಿಗೆ ಕಾಣುವ ಉಲ್ಲಂಘನೆಯಿಲ್ಲದೆ ಸುಮ್ಮನೆ ವಾಹನಗಳನ್ನು ತಡೆಯಬಾರದು, ಹಠಾತ್ತನೆ ಅಡ್ಡ ಬರಬಾರದು, ಕೀಲಿ ಕಸಿಯಬಾರದು ಎಂದು ಸೂಚನೆ ಹೊರಡಿಸಿದರು. ಜೀವ ಉಳಿಸಲು ಹುಟ್ಟಿದ ನಿಯಮವು ಜೀವ ತೆಗೆಯುವಂತಾಗಬಾರದೆಂಬುದು ತಡೆಯುವವರಿಗೆ ಪಾಠ. ಪೊಲೀಸರನ್ನು ಕಂಡೊಡನೆ ವೇಗ ಹೆಚ್ಚಿಸಿ ನುಗ್ಗುವುದೂ, ರಸ್ತೆಯ ನಡುವೆಯೇ ಹಿಂದಕ್ಕೆ ತಿರುಗಿ ಓಡುವುದೂ ಅಷ್ಟೇ ಅಪಾಯವೆಂಬುದು ಸವಾರರಿಗೆ ಪಾಠ. ವೇಗ ತಗ್ಗಿಸಿ, ಎಡಕ್ಕೆ ಸೂಚನೆ ಕೊಟ್ಟು, ಅಂಚಿನಲ್ಲಿ ನಿಲ್ಲಿಸಿ ಮಾತನಾಡುವುದು ಇಬ್ಬರಿಗೂ ಕ್ಷೇಮ. ಬಿಸಿಲು ಧೂಳಿನಲ್ಲಿ ದಿನವಿಡೀ ನಿಲ್ಲುವ ಪೇದೆಯೂ ನಮ್ಮಂತಹ ಮನೆಯಿಂದಲೇ ಬಂದವನು; ಅಪಘಾತದ ಶವವನ್ನು ಎತ್ತಬೇಕಾದವನೂ ಅವನೇ.

ದಂಡದ ಬಗ್ಗೆ ಒಂದೆರಡು ಮಾತು. 2019ರ ತಿದ್ದುಪಡಿಯು ಹೆಲ್ಮೆಟ್ ಧರಿಸದಿರುವುದಕ್ಕೆ 1,000 ರೂಪಾಯಿ ದಂಡವನ್ನೂ ಮೂರು ತಿಂಗಳ ಪರವಾನಗಿ ಅನರ್ಹತೆಯನ್ನೂ ವಿಧಿಸಿತು. ಜನರ ಆಕ್ಷೇಪಣೆ ಬಂದುದರಿಂದ ಕರ್ನಾಟಕ ಸರ್ಕಾರವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ಥಳದಂಡವನ್ನು 500 ರೂಪಾಯಿಗೆ ಇಳಿಸಿತು. ಮದ್ಯಪಾನದ ವಿಷಯದಲ್ಲಿ ಕಾಯಿದೆ ಇನ್ನೂ ಕಠಿಣ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಾಂಶವಿದ್ದರೆ, ಮೊದಲ ಸಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಈಗ ಕ್ಯಾಮೆರಾಗಳೂ ಕಾವಲು ಕಾಯುತ್ತಿರುವುದರಿಂದ, ಯಾರೂ ತಡೆಯಲಿಲ್ಲವೆಂದು ಹಿಗ್ಗಿದವನಿಗೆ ನೋಟೀಸು ಬರುತ್ತದೆ. ಬಾಕಿ ದಂಡಕ್ಕೆ ರಾಜ್ಯದಲ್ಲಿ 2023ರ ಫೆಬ್ರವರಿಯಲ್ಲಿಯೂ, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಅರ್ಧದಷ್ಟು ರಿಯಾಯಿತಿ ದೊರೆಯಿತು. ಇದರಿಂದ ಬಡವರಿಗೆ ಅನುಕೂಲವಾದುದು ನಿಜ. ಆದರೆ ಸಂತೆ ಮುಗಿಯುವ ಹೊತ್ತಿಗೆ ತರಕಾರಿ ಅಗ್ಗವಾಗಲೆಂದು ಕಾಯುವಂತೆ ದಂಡ ಅಗ್ಗವಾಗಲೆಂದು ಕಾಯುವ ಅಭ್ಯಾಸ ಬೆಳೆದರೆ, ದಂಡದ ಅರ್ಥವೇ ಕೆಡುತ್ತದೆ.

ಕೊನೆಗೆ ಹೆಲ್ಮೆಟ್. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತಿದ್ದವರು. ಹೆಲ್ಮೆಟ್ಟು ಸಾವಿನ ಅಪಾಯವನ್ನು ಸುಮಾರು ಶೇ. 42ರಷ್ಟೂ, ತಲೆಯ ಪೆಟ್ಟಿನ ಅಪಾಯವನ್ನು ಸುಮಾರು ಶೇ. 69ರಷ್ಟೂ ತಗ್ಗಿಸುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯಿಂದ ತಿಳಿದಿದೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮವನ್ನು ಕರ್ನಾಟಕವು 2016ರಲ್ಲಿ ಜಾರಿಗೆ ತಂದಿತು. ಆದರೂ ಮುಂದಿನ ಗಂಡಸಿನ ತಲೆಯ ಮೇಲೆ ಹೆಲ್ಮೆಟ್ಟು, ಹಿಂದಿನ ಹೆಂಗಸಿನ ತಲೆಯ ಮೇಲೆ ಸೆರಗು. ಇದೇ ನಮ್ಮ ರಸ್ತೆಗಳ ನೋಟ. ತಾಯಿಯ ತಲೆ, ತಂಗಿಯ ತಲೆ ಸವಾರನ ತಲೆಗಿಂತ ಗಟ್ಟಿಯೇ?

ಕಾನೂನನ್ನು ಬಲ್ಲವನು ಪೊಲೀಸರನ್ನು ಕಂಡು ಓಡನು. ಕೇಳಿದ್ದನ್ನು ತೋರಿಸುವನು, ಕೊಟ್ಟದ್ದಕ್ಕೆ ರಸೀದಿ ಕೇಳುವನು. ವರ್ಷಕ್ಕೊಮ್ಮೆ ವಿಮೆಯ ದಿನಾಂಕವನ್ನು ನೋಡುವನು, ಮನೆಯವರಿಗೂ ಹೆಲ್ಮೆಟ್ ತರುವನು. ಈ ವರ್ಷ ಪದವಿ ಪಡೆದು ಹೊರಡಲಿರುವ ನಾವು ನಮ್ಮ ನಮ್ಮ ಊರಿನಲ್ಲಿ ಹತ್ತು ಮನೆಗಳ ವಿಮೆಯ ಪತ್ರಗಳನ್ನು ಓದಿ, ಅವುಗಳ ಅವಧಿ ಎಂದು ತೀರುತ್ತದೆಂದು ತಿಳಿಸಿದರೂ ಸಾಕು, ನಮ್ಮ ಓದು ಸ್ವಲ್ಪವಾದರೂ ಸಾರ್ಥಕವಾದೀತು.