ಕೆಲಸ ಎಷ್ಟಾಯಿತೆಂದು ಹೇಳುವ ಬಣ್ಣದ ಪಟ್ಟೆ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಚೀಕಲಪರ್ವಿಯು ವಿಜಯದಾಸರು 1682ರಲ್ಲಿ ಹುಟ್ಟಿದ ಊರೆಂದು ಪ್ರಸಿದ್ಧವಾಗಿದೆ. ಅಲ್ಲಿಯ ಒಂದು ಮನೆಯಲ್ಲಿ ದಾಸರ ಪದಗಳನ್ನು ಬರೆದಿಟ್ಟ ಹಳೆಯ ವಹಿಗಳಿವೆಯೆಂದು ಭಾವಿಸೋಣ. ಹಾಳೆಗಳು ಪುಡಿಯಾಗುವ ಮೊದಲೇ ಮನೆಯ ಹುಡುಗನೊಬ್ಬನು 300 ಪುಟಗಳ ಚಿತ್ರಗಳನ್ನು ತೆಗೆದು, ಅಜ್ಜಿಯ ಕಂಠದಲ್ಲಿ ಒಂದು ಧ್ವನಿಮುದ್ರಣವನ್ನೂ ಮಾಡಿ, ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಲು ಗಣಕಕ್ಕೆ ಆಜ್ಞಾಪಿಸುತ್ತಾನೆ. ಪರದೆ ಮೌನವಾಗಿರುತ್ತದೆ. ಯಂತ್ರ ಕೆಟ್ಟಿತೆಂದು ಬಗೆದು ಅವನು ಪೆನ್‌ಡ್ರೈವನ್ನು ಕಿತ್ತರೆ, ನಕಲು ಅರ್ಧಕ್ಕೆ ನಿಂತು ಕೆಡುತ್ತದೆ. ಯಂತ್ರವು ದುಡಿಯುತ್ತಲೇ ಇತ್ತು. ಆದರೆ ಹಾಗೆಂದು ಹೇಳಲಿಲ್ಲ.

ಹೇಳುವ ಉಪಾಯವೇ ಪ್ರಗತಿಯ ಪಟ್ಟೆ. ಇಂತಹ ಸೂಚಕವಿದ್ದರೆ ಜನರು ಅದನ್ನೇ ಮೆಚ್ಚುತ್ತಾರೆಂದು 1985ರಲ್ಲಿ ಬ್ರಾಡ್ ಮೈಯರ್ಸ್ ಎಂಬ ಸಂಶೋಧಕರು ಪ್ರಯೋಗದಿಂದ ತೋರಿಸಿದರು. ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿಯವರು 1972ರ ಸುಮಾರಿಗೆ ರೂಪಿಸಿದ ಸಿ ಭಾಷೆಯಲ್ಲಿ ಇದನ್ನು ರಚಿಸುವ ಕ್ರಮವನ್ನು ಈಗ ನೋಡೋಣ.

ಮೊದಲನೆಯ ಪ್ರಶ್ನೆ: ಏನನ್ನು ಅಳೆಯಬೇಕು? ಒಂದೊಂದು ಚಿತ್ರವೂ 30 ಲಕ್ಷ ಬೈಟುಗಳಷ್ಟಿದ್ದು, ಧ್ವನಿಮುದ್ರಣವು 10 ಕೋಟಿ ಬೈಟುಗಳಷ್ಟಿದೆ ಎನ್ನೋಣ. ಒಟ್ಟು 100 ಕೋಟಿ ಬೈಟು, 301 ಕಡತಗಳು. ಕಡತಗಳನ್ನು ಎಣಿಸಿದರೆ, 300 ಚಿತ್ರಗಳು ಮುಗಿದೊಡನೆ ಪಟ್ಟೆಯು ಶೇಕಡಾ 99 ಎನ್ನುತ್ತದೆ. ಆದರೆ ಕೆಲಸದ ಹತ್ತರಲ್ಲಿ ಒಂದು ಪಾಲು ಇನ್ನೂ ಉಳಿದಿದೆ. ಹುಡುಗನ ತಾಳ್ಮೆ ಕೆಡುವುದು ಇಲ್ಲಿಯೇ. ಆದುದರಿಂದ ಬೈಟುಗಳನ್ನೇ ಎಣಿಸುವುದು ಯುಕ್ತ.

ಪಟ್ಟೆಗೆ 50 ಮನೆಗಳಿರಲಿ. ಮುಗಿದ ಬೈಟುಗಳನ್ನು 50ರಿಂದ ಗುಣಿಸಿ ಒಟ್ಟು ಬೈಟುಗಳಿಂದ ಭಾಗಿಸಿದರೆ ತುಂಬಬೇಕಾದ ಮನೆಗಳ ಸಂಖ್ಯೆ ಬರುತ್ತದೆ. 37 ಕೋಟಿ ಮುಗಿದಾಗ 18 ಮನೆಗಳು. ಇಲ್ಲಿ ಗುಣಾಕಾರವೇ ಮೊದಲಾಗಬೇಕು. ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಭಿನ್ನಾಂಶವು ಬಿದ್ದುಹೋಗುತ್ತದೆ. 37ನ್ನು 100ರಿಂದ ಭಾಗಿಸಿದರೆ ಉತ್ತರ ಸೊನ್ನೆ, ಅದನ್ನು 50ರಿಂದ ಗುಣಿಸಿದರೂ ಸೊನ್ನೆಯೇ! ಮತ್ತೊಂದು ಎಚ್ಚರ: 32 ಬಿಟ್ಟುಗಳ ‘ಇಂಟ್’ ಪಾತ್ರೆಯಲ್ಲಿ 214 ಕೋಟಿಗೆ ಮೀರಿದ ಸಂಖ್ಯೆ ಹಿಡಿಯದು. ಕೋಟಿಗಳನ್ನು 50ರಿಂದ ಗುಣಿಸುವಾಗ ಕನಿಷ್ಠ 64 ಬಿಟ್ಟುಗಳುಳ್ಳ ‘ಲಾಂಗ್ ಲಾಂಗ್’ ಎಂಬ ದೊಡ್ಡ ಪಾತ್ರೆಯನ್ನೇ ಬಳಸಬೇಕು.

ಪಟ್ಟೆಯು ಒಂದೇ ಸಾಲಿನಲ್ಲಿ ಬೆಳೆಯುವುದು ಹೇಗೆ? ಬೆರಳಚ್ಚು ಯಂತ್ರದಲ್ಲಿ ಕಾಗದವನ್ನು ಮೇಲಕ್ಕೆ ಸರಿಸದೆ ಉರುಳೆಯನ್ನು ಮಾತ್ರ ಸಾಲಿನ ಮೊದಲಿಗೆ ತಳ್ಳಿದರೆ, ಹಿಂದಿನ ಅಕ್ಷರಗಳ ಮೇಲೆಯೇ ಹೊಸವು ಬೀಳುತ್ತವೆ. ಟರ್ಮಿನಲ್ಲಿನಲ್ಲಿಯೂ ಹೀಗೆಯೇ. ‘ಕ್ಯಾರೇಜ್ ರಿಟರ್ನ್’ ಎಂಬ 13ನೆಯ ಸಂಕೇತವು ಬರೆಯುವ ಸ್ಥಾನವನ್ನು ಅದೇ ಸಾಲಿನ ಆರಂಭಕ್ಕೆ ತರುತ್ತದೆ. ಆದರೆ ಕಾಗದದಂತಲ್ಲದೆ, ಪರದೆಯಲ್ಲಿ ಹಳೆಯ ಅಕ್ಷರವು ಅಳಿದು ಹೊಸದು ನಿಲ್ಲುತ್ತದೆ.

ಬಣ್ಣಕ್ಕೆ 27ನೆಯ ಸಂಕೇತವಾದ ‘ಎಸ್ಕೇಪ್’ ಬೇಕು. ಸಿ ಭಾಷೆಯಲ್ಲಿ ಇದನ್ನು ಓರೆಗೆರೆಯ ಮುಂದೆ ಅಷ್ಟಮಾನದ 033 ಎಂದು ಬರೆಯುವುದು ವಾಡಿಕೆ. ಅದರ ಬಳಿಕ ತೆರೆದ ಚೌಕಕಂಸ, ಬಣ್ಣದ ಸಂಖ್ಯೆ, ಕೊನೆಗೆ ಸಣ್ಣ ‘ಎಂ’ ಅಕ್ಷರ. 31 ಕೆಂಪು, 32 ಹಸಿರು, 33 ಹಳದಿ; ಸೊನ್ನೆಯು ಬಣ್ಣವನ್ನು ಕಳೆದು ಮೊದಲಿನಂತೆ ಮಾಡುತ್ತದೆ. ಸೊನ್ನೆಯನ್ನು ಮರೆತರೆ ಮುಂದಿನ ಬರಹಕ್ಕೆಲ್ಲ ಆ ಬಣ್ಣವೇ ಅಂಟುತ್ತದೆ. ಈ ಸಂಕೇತಗಳು ಎಕ್ಮಾ-48 ಎಂಬ ಅಂತರರಾಷ್ಟ್ರೀಯ ಮಾನಕಕ್ಕೆ ಸೇರಿದವು.

ಇಷ್ಟು ಮಾಡಿದರೂ ಪರದೆ ಖಾಲಿಯಾಗಿಯೇ ಉಳಿಯಬಹುದು! ‘ಪ್ರಿಂಟ್‌ಎಫ್’ ಬರೆದುದನ್ನು ಯಂತ್ರವು ಸಾಮಾನ್ಯವಾಗಿ ಒಂದು ಸಾಲು ಮುಗಿಯುವವರೆಗೆ ಕೂಡಿಟ್ಟುಕೊಳ್ಳುತ್ತದೆ. ನಮ್ಮ ಸಾಲು ಮುಗಿಯುವುದೇ ಇಲ್ಲವಷ್ಟೆ. ಆದುದರಿಂದ ಪ್ರತಿ ಸಲವೂ ‘ಎಫ್‌ಫ್ಲಶ್’ ಎಂಬ ಆಜ್ಞೆಯಿಂದ ಅದನ್ನು ಹೊರಕ್ಕೆ ತಳ್ಳಬೇಕು. ಆದರೆ ಅತಿಯೂ ಸಲ್ಲದು. 65,536 ಬೈಟುಗಳ ಕಂತುಗಳಲ್ಲಿ ನಕಲು ಮಾಡಿದರೆ ಸುಮಾರು 15 ಸಾವಿರ ಕಂತುಗಳಾಗುತ್ತವೆ. ಶೇಕಡಾ ಅಂಕ ಬದಲಾದಾಗ ಮಾತ್ರ ಬರೆದರೆ ನೂರು ಸಲ ಬರೆದರೆ ಸಾಕು.

ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಪಟ್ಟೆಯ ಮುಂದೆ ‘ಚೀಕಲಪರ್ವಿ’ ಎಂದು ಬರೆಯಬೇಕಾಗಿದೆ ಎನ್ನಿ. ಕಣ್ಣಿಗೆ ಅದು ಐದು ಅಕ್ಷರ. ಯೂನಿಕೋಡಿನಲ್ಲಿ ದೀರ್ಘ, ಗುಣಿತ, ಒತ್ತುಗಳಿಗೆ ಬೇರೆ ಬೇರೆ ಸಂಕೇತಗಳಿರುವುದರಿಂದ ಅದು 9 ಸಂಕೇತಗಳಾಗುತ್ತದೆ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ 27 ಬೈಟುಗಳು. ‘ಸ್ಟ್ರ್‌ಲೆನ್’ ಎಣಿಸುವುದು ಈ 27ನ್ನು. ಇದನ್ನೇ ಅಗಲವೆಂದು ನಂಬಿ ಖಾಲಿ ಜಾಗ ಬಿಟ್ಟರೆ ಪಟ್ಟೆ ಸೊಟ್ಟಗಾಗುತ್ತದೆ. ಪಟ್ಟೆಯನ್ನು ಎಡಕ್ಕಿಟ್ಟು ಹೆಸರನ್ನು ಸಾಲಿನ ಕೊನೆಗೆ ಬರೆಯುವುದೇ ಸುಲಭವಾದ ಪರಿಹಾರ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಹಸಿರನ್ನು ಯಾವಾಗ ತೋರಿಸಬೇಕು? ನೂರಕ್ಕೆ ನೂರು ಬರೆದೊಡನೆ ಅಲ್ಲ. ಬರೆದುದು ಇನ್ನೂ ಗಣಕದ ನೆನಪಿನಲ್ಲಿಯೇ ಇದ್ದು, ಪೆನ್‌ಡ್ರೈವನ್ನು ಮುಟ್ಟದೆ ಇರಬಹುದು. ಲಿನಕ್ಸ್ ಮೊದಲಾದ ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಮೊದಲು ಕಡತಕ್ಕೆ ‘ಎಫ್‌ಫ್ಲಶ್’, ಆಮೇಲೆ ‘ಎಫ್‌ಸಿಂಕ್’, ಕಡೆಗೆ ‘ಎಫ್‌ಕ್ಲೋಸ್’ ಮಾಡಿ, ಮೂರೂ ಸೊನ್ನೆಯನ್ನು ಹಿಂದಿರುಗಿಸಿದರೆ ಮಾತ್ರ ಹಸಿರು. ಅಲ್ಲಿಯವರೆಗೆ ಹಳದಿ, ಯಾವುದಾದರೂ ತಪ್ಪಿದರೆ ಕೆಂಪು. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣುಗಳೂ ಇರುವುದರಿಂದ, ಬಣ್ಣದ ಜೊತೆಗೆ ‘ಮುಗಿಯಿತು’, ‘ತಪ್ಪಿತು’ ಎಂಬ ಮಾತನ್ನೂ ಬರೆಯತಕ್ಕದ್ದು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪಟ್ಟೆಯನ್ನು ಚಲಿಸುವಂತೆ ಮಾಡುವುದು ಸುಲಭ. ಅದು ನಿಜವನ್ನೇ ಹೇಳುವಂತೆ ಮಾಡುವುದೇ ಕಷ್ಟ. ಹಸಿರನ್ನು ನಂಬಿ ಹುಡುಗನು ಪೆನ್‌ಡ್ರೈವನ್ನು ತೆಗೆದಾಗ, ಅಜ್ಜಿಯ ದನಿ ಅದರೊಳಗೆ ಇರಲೇಬೇಕು.