ಬಾಡುವ ಬಗೆ ನೋಡಿ ಬಿಳಿ ಹೂ ಆರಿಸುವುದು

ಬೀಜ ಮೊಳೆತು, ಹೂ ಬಿಟ್ಟು, ಮತ್ತೆ ಬೀಜ ಕಟ್ಟಿ ಒಂದೇ ಹಂಗಾಮಿನಲ್ಲಿ ಬಾಳು ಮುಗಿಸುವ ಗಿಡಗಳು ಏಕವಾರ್ಷಿಕಗಳು. ಇವುಗಳಲ್ಲಿ ಬಿಳಿ ಹೂವಿನವನ್ನು ಆರಿಸುವಾಗ, ಹೂ ಅರಳಿದಾಗ ಎಷ್ಟು ಚೆಂದ ಎನ್ನುವುದಕ್ಕಿಂತ ಬಾಡಿದಾಗ ಹೇಗಿರುತ್ತದೆ ಎನ್ನುವುದನ್ನು ಮೊದಲು ನೋಡಬೇಕು. ಬೆಂಗಳೂರಿನ ಕೆಮ್ಮಣ್ಣಿನ ಅಂಗಳದಲ್ಲಿ, ತಾರಸಿಯ ಕುಂಡಗಳಲ್ಲಿ ಈ ಗಿಡಗಳನ್ನು ಬೆಳೆಸಿದವರಿಗೆ ಸಿಗುವ ಮುಖ್ಯ ಪಾಠ ಇದೇ. ಕೆಂಪು ಹೂ ಬಾಡಿದರೆ ಬಣ್ಣ ಮಾಸಿತು ಅನ್ನಿಸುತ್ತದೆ, ಅಷ್ಟೆ. ಬಿಳಿ ಹೂ ಬಾಡಿದರೆ ಕಂದು ಕಲೆಯಾಗಿ ನಿಂತು ಪಕ್ಕದ ಹೊಸ ಹೂವಿನ ಅಂದವನ್ನೂ ಕೆಡಿಸುತ್ತದೆ.

ಇದಕ್ಕೆ ಕಾರಣ ಎಸಳಿನ ಒಳಗೇ ಇದೆ. ಬಿಳಿ ಎಸಳಿನಲ್ಲಿ ಬಿಳಿ ಎಂಬ ವರ್ಣದ್ರವ್ಯ ಇರುವುದಿಲ್ಲ. ಕೆಂಪು, ನೇರಳೆ ಕೊಡುವ ಆಂಥೋಸಯನಿನ್ ಆಗಲಿ, ಹಳದಿ ಕೊಡುವ ಕ್ಯಾರೊಟಿನಾಯ್ಡ್ ಆಗಲಿ ಇಲ್ಲದ ಎಸಳಿನಲ್ಲಿ ಜೀವಕೋಶಗಳ ನಡುವಿನ ಗಾಳಿ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಅದರಿಂದಲೇ ಅದು ಬೆಳ್ಳಗೆ ಕಾಣುತ್ತದೆ. ಎಸಳನ್ನು ಬೆರಳಲ್ಲಿ ಹಿಸುಕಿದರೆ ಗಾಳಿ ಹೊರಟುಹೋಗಿ, ಒತ್ತಿದ ಜಾಗ ಎಣ್ಣೆ ತಾಗಿದ ಕಾಗದದಂತೆ ಪಾರದರ್ಶಕವಾಗುತ್ತದೆ. ಮಳೆ ಹನಿಯ ಪೆಟ್ಟು, ಥ್ರಿಪ್ಸ್ ಕೆರೆದ ಗಾಯ, ಬೂಷ್ಟಿನ ಚುಕ್ಕೆ ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. ಮರೆಮಾಚಲು ಬಣ್ಣವೇ ಇಲ್ಲ.

ಬಾಡುವ ಬಗೆಯಲ್ಲಿ ಈ ಗಿಡಗಳು ಮೂರು ತೆರ. ಮೊದಲನೆಯದು ಹಳೆ ಹೂವನ್ನು ತಾನಾಗಿ ಉದುರಿಸುವ ಗುಂಪು. ಕಾಶಿಕಣಗಿಲೆ ಎಂದೂ ಕರೆಯುವ ನಿತ್ಯಪುಷ್ಪ ಇಲ್ಲಿ ಎಲ್ಲಕ್ಕಿಂತ ಮುಂದೆ. ಮಡಗಾಸ್ಕರ್ ಮೂಲದ ಈ ಗಿಡ ನಿಜಕ್ಕೂ ಬಹುವಾರ್ಷಿಕ. ತೋಟದಲ್ಲಿ ಮಾತ್ರ ಏಕವಾರ್ಷಿಕದಂತೆ ಬೆಳೆಸುತ್ತಾರೆ. ಅಚ್ಚ ಬಿಳಿಯದೂ ಇದೆ, ನಡುವೆ ಕೆಂಪು ಬೊಟ್ಟು ಇರುವುದೂ ಇದೆ. ಗೌರಿ ಹೂ, ಅಂದರೆ ಕರ್ಣಕುಂಡಲ, ಇದೇ ಗುಂಪಿನದು. ಇವೆರಡಕ್ಕೂ ದಿನಾ ಹೂ ಬಿಡಿಸುವ ಕೆಲಸವಿಲ್ಲ.

ಎರಡನೆಯದು ಬಾಡಿದ ಹೂವನ್ನು ಗಿಡದಲ್ಲೇ ಉಳಿಸಿಕೊಳ್ಳುವ ಗುಂಪು: ಪೆಟೂನಿಯಾ, ಜಿನಿಯಾ, ಆಸ್ಟರ್, ಚೆಂಡು ಹೂ. ಮಳೆಗೆ ಸಿಕ್ಕ ಬಿಳಿ ಪೆಟೂನಿಯಾ ಮುದುಡಿ ಕಾಂಡಕ್ಕೆ ಅಂಟಿ, ಮರುದಿನವೇ ಕಂದಾಗುತ್ತದೆ. ಎಸಳನ್ನು ಮಾತ್ರ ಎಳೆದರೆ ಸಾಲದು. ಅದರ ಹಿಂದಿನ ಹಸಿರು ಗುಬುಟು ಉಳಿದರೆ ಗಿಡ ಬೀಜ ಕಟ್ಟಲು ತೊಡಗಿ ಹೊಸ ಮೊಗ್ಗು ಕಡಿಮೆಯಾಗುತ್ತದೆ. ತೊಟ್ಟಿನ ಸಮೇತ ಚಿವುಟಬೇಕು. ದಿನಕ್ಕೊಮ್ಮೆ ಗಿಡದ ಬಳಿ ಹೋಗಲು ಪುರುಸೊತ್ತಿಲ್ಲದವರು ಈ ಗುಂಪನ್ನು ಬಾಗಿಲ ಬಳಿಯ ಒಂದೆರಡು ಕುಂಡಗಳಿಗೆ ಸೀಮಿತಗೊಳಿಸುವುದು ಲೇಸು.

ಮೂರನೆಯದು ಗಾಂಫ್ರೀನಾದಂಥ ಒಣಹೂಗಳು. ಅದರಲ್ಲಿ ನಾವು ಹೂವೆಂದು ನೋಡುವುದು ಎಸಳಲ್ಲ, ಕಾಗದದಂಥ ಪುಷ್ಪಪತ್ರಗಳ ಉಂಡೆ. ಅದು ಒಣಗಿದರೂ ಬಹುಕಾಲ ಬಿಳಿಯಾಗಿಯೇ ಇರುತ್ತದೆ. ಬಿಸಿಲು, ನೀರಿನ ಅಭಾವ ಎರಡನ್ನೂ ತಾಳುತ್ತದೆ.

ಗಿಡ ಯಾವುದು ಎಂಬುದರ ಜೊತೆಗೆ ಹಂಗಾಮು ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮುಂಗಾರಿನಲ್ಲಿ ಗೌರಿ ಹೂ ಚೆನ್ನಾಗಿ ಬರುತ್ತದೆ. ನಿತ್ಯಪುಷ್ಪ ಮಳೆ ತಾಳಿದರೂ ಬುಡದಲ್ಲಿ ನೀರು ನಿಂತರೆ ಕೊಳೆರೋಗಕ್ಕೆ ತುತ್ತಾಗುತ್ತದೆ. ಅದಕ್ಕೆ ಏರುಮಡಿ ಬೇಕು. ಆಲಿಸಂ, ಕ್ಯಾಂಡಿಟಫ್ಟ್, ಫ್ಲಾಕ್ಸ್, ಪೆಟೂನಿಯಾ ಚಳಿಗಾಲದವು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಬಿತ್ತಿದರೆ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಹೂ ಸಿಗುತ್ತದೆ. ಬಿಸಿಲೇರಿದಾಗ ಆಲಿಸಂ ಸೊರಗುತ್ತದೆ. ಕತ್ತರಿಯಿಂದ ಅರ್ಧಕ್ಕೆ ಸವರಿ ನೀರುಣಿಸಿದರೆ ಮತ್ತೆ ಚಿಗುರಿ ಹೂ ಬಿಡುತ್ತದೆ. ಬೇಸಿಗೆಗೆ ನಿತ್ಯಪುಷ್ಪ, ಗಾಂಫ್ರೀನಾ, ಜಿನಿಯಾ ಮತ್ತು ಟೇಬಲ್ ರೋಸ್ ಉಳಿಯುತ್ತವೆ. ಟೇಬಲ್ ರೋಸ್ ಬಿಸಿಲಿದ್ದಾಗ ಮಾತ್ರ ಅರಳುವುದರಿಂದ, ಸಂಜೆ ಮನೆಗೆ ಬರುವವರು ಅದರ ಹೂ ನೋಡುವುದು ರಜೆಯ ದಿನ ಮಾತ್ರ.

ಸಂಜೆಯ ಹೊತ್ತಿಗೆ ಬೇರೆ ಗಿಡಗಳಿವೆ. ಇಂದಿನ ತೋಟದ ಪೆಟೂನಿಯಾದ ಪೂರ್ವಜರಲ್ಲಿ ಒಂದಾದ ದಕ್ಷಿಣ ಅಮೆರಿಕದ ಬಿಳಿ ಕಾಡುಜಾತಿ, ಮುಸ್ಸಂಜೆಗೆ ಪರಿಮಳ ಬೀರಿ ಗಿಡುಗ ಪತಂಗಗಳನ್ನು ಕರೆಯುತ್ತದೆ. ಆ ಗುಣ ಕೆಲವು ಬಿಳಿ ತಳಿಗಳಲ್ಲಿ ಈಗಲೂ ಇದೆ. ಹೊಗೆಸೊಪ್ಪಿನ ಕುಲದ ಅಲಂಕಾರಿಕ ನಿಕೋಟಿಯಾನಾದ ಬಿಳಿ ಹೂಗಳೂ ಹೀಗೆಯೇ. ಮಬ್ಬು ಬೆಳಕಿನಲ್ಲಿ ಕೆಂಪು, ನೇರಳೆ ಮೊದಲು ಕಪ್ಪಾಗುತ್ತವೆ, ಬಿಳಿ ಕೊನೆಯವರೆಗೂ ಕಾಣುತ್ತದೆ. ಹಾದಿಯ ಅಂಚು, ಜಗಲಿಯ ಪಕ್ಕ ಇವಕ್ಕೆ ಸರಿಯಾದ ಜಾಗ.

ಕೆಮ್ಮಣ್ಣಿನ ಊರುಗಳಲ್ಲಿ ಇನ್ನೊಂದು ತೊಡಕಿದೆ. ಗೇಣಿಗಿಂತ ಕುಳ್ಳಗಿನ ಆಲಿಸಂ ಮೇಲೆ ಮಳೆ ಬಿದ್ದರೆ, ಚಿಮ್ಮಿದ ಮಣ್ಣು ಹೂಗೊಂಚಲಿನ ಕೆಳಭಾಗಕ್ಕೆ ಇಟ್ಟಿಗೆ ಬಣ್ಣ ಬಳಿಯುತ್ತದೆ. ಪೈಪಿನಲ್ಲಿ ನೀರು ಹಾಯಿಸಿದರೂ ಇದೇ ಪಾಡು. ಗಿಡದ ಬುಡಕ್ಕೆ ತರಗೆಲೆ ಅಥವಾ ತೆಂಗಿನ ನಾರಿನ ಹೊದಿಕೆ ಹಾಸಬೇಕು, ನೀರನ್ನು ಬುಡಕ್ಕೇ ಕೊಡಬೇಕು. ಆಲಿಸಂ ಕುಂಡದ ಅಂಚಿನಿಂದ ಇಳಿಬಿದ್ದರೆ ಈ ತೊಂದರೆಯೇ ಇಲ್ಲ.

ಬಿಳಿಯಲ್ಲೂ ಬಗೆಗಳಿವೆ. ಚೆಂಡು ಹೂವಿನ ಬಿಳಿ ನಿಜಕ್ಕೂ ಕೆನೆಬಣ್ಣ. ಅದಕ್ಕೂ ಬಹಳ ಕಾಲ ಹಿಡಿಯಿತು: ಅಮೆರಿಕದ ಬರ್ಪೀ ಬೀಜ ಕಂಪನಿ ಬಿಳಿ ಚೆಂಡು ಹೂವಿಗೆ 1954ರಲ್ಲಿ 10,000 ಡಾಲರ್ ಬಹುಮಾನ ಘೋಷಿಸಿತು, ಅಯೋವಾ ರಾಜ್ಯದ ಆಲಿಸ್ ವಾಂಕ್ ಎಂಬ ಗೃಹಿಣಿ ಅದನ್ನು ಗೆದ್ದದ್ದು 1975ರಲ್ಲಿ. ಕೆನೆಬಣ್ಣದ ಹೂ ಅಚ್ಚ ಬಿಳಿಯ ಪಕ್ಕದಲ್ಲಿದ್ದರೆ ಕೊಳೆಯಾದಂತೆ ಕಾಣುತ್ತದೆ, ಕಡು ಹಸಿರಿನ ಮುಂದೆ ಒಂಟಿಯಾಗಿದ್ದರೆ ಬೆಳಗುತ್ತದೆ. ಕಾಸ್ಮಾಸ್‌ನಲ್ಲಿ ಬಿಳಿ ಬೇಕಾದವರು ಜಾತಿಯನ್ನೂ ಕೇಳಿ ಕೊಳ್ಳಬೇಕು: ನಮ್ಮ ಬೀದಿಬದಿಯಲ್ಲಿ ತಾನಾಗಿ ಬೆಳೆಯುವ ಹಳದಿ, ಕಿತ್ತಳೆ ಕಾಸ್ಮಾಸ್‌ನಲ್ಲಿ ಬಿಳಿ ಇಲ್ಲ, ಗುಲಾಬಿ ಹೂವಿನ, ಎಳೆಎಳೆ ಎಲೆಯ ಜಾತಿಯಲ್ಲಿ ಮಾತ್ರ ಇದೆ. ಆಸ್ಟರ್‌ಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಪೂರ್ಣಿಮಾ’, ‘ಅರ್ಕಾ ಅರ್ಚನಾ’ ಬಿಳಿ ತಳಿಗಳಿವೆ. ಆದರೆ ಆಸ್ಟರ್ ಒಂದು ಸಲ ಹೂ ಬಿಟ್ಟು ಮುಗಿಸುವ ಗಿಡ. ಸತತ ಹೂ ಬೇಕಾದರೆ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಬೇಕು. ಸೊರಗು ರೋಗ ಮಣ್ಣಿನಲ್ಲೇ ಉಳಿಯುವುದರಿಂದ ಅದೇ ಮಡಿಯಲ್ಲಿ ಮರುವರ್ಷವೂ ಅದನ್ನೇ ಹಾಕಬಾರದು.

ನರ್ಸರಿಯಲ್ಲಿ ಮೊಗ್ಗಿಲ್ಲದ ಮಿಶ್ರ ಬಣ್ಣದ ಸಸಿ ಕೊಳ್ಳುವಾಗ ಕಾಂಡ ನೋಡುವುದು ಉಪಯುಕ್ತ. ಗೌರಿ ಹೂ, ನಿತ್ಯಪುಷ್ಪಗಳಲ್ಲಿ ಕಾಂಡಕ್ಕೆ ಕೆಂಪು ಛಾಯೆ ಇದ್ದರೆ ಹೂ ಸಾಮಾನ್ಯವಾಗಿ ಬಣ್ಣದ್ದೇ. ಅಚ್ಚ ಬಿಳಿ ಹೂವಿನ ಗಿಡದ ಕಾಂಡ ತಿಳಿಹಸಿರು. ಎಸಳಿಗೆ ಕೆಂಪು ತರುವ ಆಂಥೋಸಯನಿನ್ನೇ ಕಾಂಡಕ್ಕೂ ಬಣ್ಣ ಕೊಡುತ್ತದೆ.

ಬೀಜ ಉಳಿಸಿಕೊಳ್ಳುವವರು ಬಿಳಿ ಗಿಡವನ್ನು ಬಣ್ಣದ ಗಿಡಗಳಿಂದ ದೂರ ಇಡಬೇಕು. ದುಂಬಿ, ಚಿಟ್ಟೆಗಳು ಪರಾಗ ಬೆರೆಸಿದರೆ ಮುಂದಿನ ಪೀಳಿಗೆಯಲ್ಲಿ ಗುಲಾಬಿ ಇಣುಕುತ್ತದೆ. ಅಂಥ ಸಸಿಗಳನ್ನು ಮೊದಲ ಹೂ ಕಂಡೊಡನೆ ಕಿತ್ತರೆ ಉಳಿದವುಗಳ ಬೀಜ ಕೆಡುವುದಿಲ್ಲ. ಹೈಬ್ರಿಡ್ ಪೆಟೂನಿಯಾದ ಬೀಜ ತಾಯಿಗಿಡದಂತೆ ಬರುವುದಿಲ್ಲ, ಅದನ್ನು ಪ್ರತಿ ವರ್ಷ ಕೊಳ್ಳುವುದೇ ಸರಿ. ಆಸ್ಟರ್ ಬೀಜದ ಮೊಳೆಯುವ ಶಕ್ತಿ ಬೇಗ ಕುಂದುವುದರಿಂದ ಈ ವರ್ಷದ್ದನ್ನು ಮುಂದಿನ ಹಂಗಾಮಿನಲ್ಲೇ ಬಿತ್ತಬೇಕು.