ಮಗುವಿನೊಂದಿಗೆ ಮಗುವಾಗುವುದೂ ಪಾಲನೆಯೇ



ಕರು ಮೂತಿಯಿಂದ ಕೆಚ್ಚಲನ್ನು ತಿವಿದಾಗ ಹಸು ಸೊರ ಬಿಡುವುದನ್ನು ನೀವು ದಿನವೂ ನೋಡುತ್ತೀರಿ. ಇದು ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕೆಲಸ. ಮಗು ಅತ್ತರೆ ತಾಯಿಯ ಎದೆಯಲ್ಲಿ ಹಾಲು ಒಸರುವುದೂ ಇದರಿಂದಲೇ. ಆದರೆ ಕರು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಮಗು ನಡೆಯಲು ಸುಮಾರು ಒಂದು ವರ್ಷ ಬೇಕು. ಅಲ್ಲಿಯವರೆಗೆ ಅದಕ್ಕೆ ಲೋಕವನ್ನು ತೋರಿಸುವವರು ಮನೆಯವರೇ.

ಅದಕ್ಕಾಗಿ ನಾವು ಆಡುವ ಆಟಗಳು ಒಂದೇ ಎರಡೇ? ಅರಿಶಿನಕುಂಟೆಯಾಗಲಿ, ಬೇರೆ ಯಾವುದೇ ಊರಾಗಲಿ, ಸಂಘದ ಸಭೆಯಲ್ಲಿ ಗಂಭೀರವಾಗಿ ಮಾತನಾಡುವ ಯಜಮಾನರು ಮನೆಯಲ್ಲಿ ಮಂಡಿಯೂರಿ ಆನೆಯಾಗುತ್ತಾರೆ. ಮಗು ಎಡವಿ ಬಿದ್ದರೆ ಅಜ್ಜಿ ನೆಲಕ್ಕೇ ಎರಡೇಟು ಕೊಡುತ್ತಾರೆ. ಅಮ್ಮ ಒಂದು ತುತ್ತು ಚಂದಮಾಮನ ಹೆಸರಿನಲ್ಲಿ, ಇನ್ನೊಂದು ಕೊಟ್ಟಿಗೆಯ ಗೌರಿಯ ಹೆಸರಿನಲ್ಲಿ ಉಣಿಸುತ್ತಾಳೆ. ಊಟ ‘ಬುವ್ವ’ ಆಗುತ್ತದೆ, ನಿದ್ದೆ ‘ತಾಚಿ’ ಆಗುತ್ತದೆ.

ಇದರಿಂದ ಆಗುವ ಲಾಭ

ಇದನ್ನು ಕೆಲಸವಿಲ್ಲದವರ ಆಟವೆಂದು ತಿಳಿಯಬೇಡಿ. ಎರಡು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ದೊಡ್ಡವರ ಮಿದುಳಿನ ಶೇಕಡ 80ರಷ್ಟು ಗಾತ್ರಕ್ಕೆ ಬೆಳೆದಿರುತ್ತದೆ.

1. ದನಿಯೇರಿಸಿ, ರಾಗವಾಗಿ ಎಳೆದು ಆಡುವ ಮಾತಿಗೆ ಮಗು ಹೆಚ್ಚು ಕಿವಿಗೊಡುತ್ತದೆ. ಅದು ‘ಊಂ’ ಎಂದಾಗ ನೀವು ಉತ್ತರ ಕೊಟ್ಟರೆ ಮಾತು ಕಲಿಯಲು ದಾರಿಯಾಗುತ್ತದೆ.

2. ಸೆರಗಿನಲ್ಲಿ ಮುಖ ಮುಚ್ಚಿ ‘ಬೂ’ ಎಂದಾಗ ಮಗು ನಗುತ್ತದೆ. ಕಣ್ಣಿಗೆ ಕಾಣದ್ದೂ ಇದ್ದೇ ಇರುತ್ತದೆ ಎಂಬ ತಿಳಿವಳಿಕೆ ಮಗುವಿಗೆ ಇಂಥ ಆಟಗಳಲ್ಲಿ ಬಲವಾಗುತ್ತದೆ.

ಎಚ್ಚರ ವಹಿಸಬೇಕಾದ ವಿಷಯಗಳು

ಹಾಲು ಕರೆಯುವ ಅವಸರದಲ್ಲಿ ಅಳುವ ಮಗುವಿನ ಕೈಗೆ ಮೊಬೈಲ್ ಕೊಡುವ ರೂಢಿ ಬೆಳೆಯುತ್ತಿದೆ. ಮೊಬೈಲ್ ಹಾಡುತ್ತದೆ, ಆದರೆ ಮಗುವಿನ ‘ಊಂ’ಗೆ ಓಗೊಡುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಮಗುವನ್ನು ಹಸುವಿನ ಕಾಲಿಗೆ ಸಿಗದಷ್ಟು ದೂರದಲ್ಲಿ ಅಜ್ಜನ ತೊಡೆಯ ಮೇಲೆ ಕೂರಿಸಿ. ಕರೆಯುತ್ತಲೇ ಅದರೊಂದಿಗೆ ಮಾತನಾಡಿ: ‘ಗೌರಿ ಏನಂದಳು? ಅಂಬಾ ಅಂದಳಾ?’

ಕೂಸುಮರಿ ಹೊತ್ತು ಮೆರೆಸಿ, ಆದರೆ ಎಳೆ ಕೂಸನ್ನು ಮೇಲಕ್ಕೆಸೆದು ಹಿಡಿಯಬೇಡಿ, ಜೋರಾಗಿ ಅಲುಗಾಡಿಸಬೇಡಿ. ಕುತ್ತಿಗೆ ಬಲಿಯದ ಕೂಸಿನ ಮಿದುಳಿಗೆ ಪೆಟ್ಟಾಗಬಹುದು. ಕೆಲವು ಕಾಡಿಗೆಗಳಲ್ಲಿ ಸೀಸ ಇರುವುದರಿಂದ ಕಣ್ಣಿಗೆ ಹಚ್ಚಬೇಡಿ. ಪ್ರೀತಿಯಿಂದಲೇ ಆದರೂ ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ಹಸುವಿನ ಹಾಲನ್ನು ಕುಡಿಸಲು ವರ್ಷ ತುಂಬಲಿ. ಆಮೇಲೆ ಕಾಯಿಸಿದ ಹಾಲು ಒಂದು ಲೋಟ ಮಗುವಿಗೆಂದು ತೆಗೆದಿಟ್ಟೇ ಉಳಿದದ್ದನ್ನು ಸಂಘಕ್ಕೆ ಹಾಕಿ.

ಆನೆಯಾಗಲು, ಗುಮ್ಮನಾಗಲು ದುಡ್ಡು ಬೇಕಿಲ್ಲ. ಸಂಜೆ ಸಂಘದಿಂದ ಬಂದು ಹಾಲಿನ ಕ್ಯಾನು ತೊಳೆದಿಟ್ಟ ಮೇಲೆ ಕಾಲು ಗಂಟೆ ಮಗುವಿಗೆ ಕೊಡಿ.